ಶಾಸ್ತ್ರಕ್ಕೆ ಒಂದು ಬಾಲ್

ನನ್ನ ಕೆಲಸ ಎಂತದು ಅಂತ ಕೊಪ್ಪದಲ್ಲಿ ಇವತ್ತಿಗೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕೇಳಿದವರಿಗೆಲ್ಲ ಅಮ್ಮ "ಕ್ರಿಕೆಟ್ ಟೀಮಿನಲ್ಲಿ ಇದ್ದಾಳೆ" ಅಂತ ಹೇಳಿ ಮಾತು ಬದಲಿಸುತ್ತಾಳೆ. ಪಕ್ಕದ ಮನೆಯವರು ನನ್ನನ್ನು ಡ್ರಿಲ್ ಟೀಚರ್ ಅಂದುಕೊಂಡಿದ್ದಾರೆ. ಔಷಧಿ ಅಂಗಡಿಯವರೊಬ್ಬರು ಊರಿನ ಮಂಡಿನೋವಿನವರನ್ನೆಲ್ಲ ನನ್ನ ಹತ್ತಿರ ಅಟ್ಟುತ್ತಾರೆ. ಒಂದು ಸಲ ಒಬ್ಬ ಹಿರಿಯರು ಬಂದು, "ಎಣ್ಣೆ ತಿಕ್ಕಿ ಕೊಡ್ತೀಯಂತಲ್ಲ ಮಾರಾಯ್ತಿ" ಅಂದಿದ್ದರು. ಅವರಿಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಸ್ಟ್ರೆಂತ್ ಅಂಡ್ ಕಂಡಿಷನಿಂಗ್ ಕೋಚ್ ಅಂತ ನನ್ನ ಐಡಿ ಕಾರ್ಡಿನಲ್ಲಿತ್ತು. ಯಾವ ಆಟಗಾರ್ತಿ ಎಷ್ಟು ಭಾರ ಎತ್ತಬೇಕು, ಎಷ್ಟು ಓಡಬೇಕು, ಯಾವತ್ತು ಬಾಯಿ ಮುಚ್ಚಿಕೊಂಡು ಮಲಗಬೇಕು, ಬೌಲರ್ ಆದರೆ ವಾರಕ್ಕೆ ಎಷ್ಟು ಬಾಲ್ ಹಾಕಬೇಕು, ಎಲ್ಲ ನನ್ನ ತಲೆನೋವು. ಜಿಮ್ಮಿನಲ್ಲಿ ಕಿರುಚಾಡಿ ಮಾಡಿಸುವುದು ಸುಲಭ. ಹುಮ್ಮಸ್ಸಿನಲ್ಲಿರುವ ಬೌಲರನ್ನು ಸಾಕು ಅಂತ ನಿಲ್ಲಿಸುವುದು ಉಂಟಲ್ಲ, ಅದು ಕಷ್ಟ. ನನಗೆ ಸಂಬಳ ಕೊಡುತ್ತಿದ್ದದ್ದು ಮುಖ್ಯವಾಗಿ ಅದಕ್ಕೇ. ಆ ಕೆಲಸವನ್ನು ನಾನು ಒಂದು ಭಾನುವಾರ ಮಾಡಲಿಲ್ಲ. ಅದನ್ನು ಬರೆಯಬೇಕು ಅಂತ ಕೂತು ನಾಲ್ಕು ಸಲ ಎದ್ದು ಹೋಗಿದ್ದೇನೆ.

ಮಹಿಳೆಯರ ಲೀಗಿನ ಒಂದು ತಂಡದಲ್ಲಿದ್ದೆ. ನನ್ನ ಮೂರನೇ ವರ್ಷದಲ್ಲಿ ಆ ಹುಡುಗಿ ಬಂದಳು. ನರಸಿಂಹರಾಜಪುರದವಳು, ಇಪ್ಪತ್ತು ವರ್ಷ, ಫಾಸ್ಟ್ ಬೌಲರ್. ಅವಳ ಅಬ್ಬಾನಿಗೆ ಪೇಟೆಯಲ್ಲಿ ಕೊಡೆ, ರೈನ್‌ಕೋಟು, ಸ್ಕೂಲ್ ಬ್ಯಾಗಿನ ಅಂಗಡಿ. ಮೊದಲ ದಿನ ಬೆಂಗಳೂರಿನ ಕ್ಯಾಂಪಿನಲ್ಲಿ ಅವಳು ಹೆಗಲ ಮೇಲೆ ಬಾರ್ ಹೊತ್ತು, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿಕೊಂಡು ಕೂತು ಏಳುತ್ತಿದ್ದಳು. ನೋಡಿದ್ದೇ ನನ್ನ ತಲೆ ಕೆಟ್ಟಿತು. ಕ್ಯಾಂಪಿನಲ್ಲಿ ನಾನು ಮಾತಾಡುವುದು ಇಂಗ್ಲಿಷು, ಹಿಂದಿ. ಆವತ್ತು ಬಾಯಿಗೆ ಬಂದದ್ದು ಮನೆ ಮಾತು. "ಎಂತ ಮಾಡ್ತಿದ್ದೀಯ ಮಾರಾಯ್ತಿ, ಸೊಂಟ ಮುರ್ಕೊಂಡು ಸಾಯ್ತೀಯಾ?" ಅವಳು ಬಾರ್ ಇಳಿಸಿ ಬಿದ್ದು ಬಿದ್ದು ನಕ್ಕಳು. "ಅಕ್ಕ, ನೀವು ಕೊಪ್ಪ ಕಡೆಯವರಾ?"

ಅಲ್ಲಿಂದ ಎಲ್ಲರಿಗೂ ನಾನು ಮೇಡಂ, ಅವಳಿಗೆ ಅಕ್ಕ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಹುಡುಗಿ. ಹತ್ತು ಅಂದರೆ ಹತ್ತು, ಹನ್ನೊಂದು ಮಾಡುವವಳಲ್ಲ. ಇಂಥವರು ಸಿಗುವುದು ನಮ್ಮ ಕೆಲಸದಲ್ಲಿ ಪುಣ್ಯ.

ಆದರೆ ಮೂರು ತಿಂಗಳೊಳಗೆ ಅವಳ ಸೊಂಟದ ಎಡಗಡೆ ನೋವು ಶುರುವಾಯಿತು. ಬಲಗೈ ಫಾಸ್ಟ್ ಬೌಲರುಗಳಿಗೆ ಎಡಗಡೆ ಬರುವ ನೋವು ಅಂದರೆ ನಮಗೆ ಎದೆ ಧಸಕ್ಕೆನ್ನುತ್ತದೆ. ಸ್ಕ್ಯಾನ್ ಮಾಡಿಸಿದಾಗ ಬೆನ್ನುಮೂಳೆಯಲ್ಲಿ ಬಿರುಕು ಇನ್ನೂ ಬಿಟ್ಟಿರಲಿಲ್ಲ, ಬಿಡುವ ಅಂಚಿನಲ್ಲಿತ್ತು. ತಿಂಗಳುಗಟ್ಟಲೆ ಬೌಲಿಂಗ್ ಬಂದ್. ಆಮೇಲೆ ಮಗುವಿಗೆ ನಡೆಯಲು ಕಲಿಸಿದ ಹಾಗೆ ಮೊದಲಿನಿಂದ ಶುರು ಮಾಡಿದೆವು. ನಡೆದುಕೊಂಡು ಬಂದು ಆರು ಬಾಲ್, ನಾಲ್ಕು ಹೆಜ್ಜೆಯಿಂದ ಹನ್ನೆರಡು, ಅರ್ಧ ವೇಗದಲ್ಲಿ ಇಪ್ಪತ್ನಾಲ್ಕು. ಲೀಗ್ ಶುರುವಾಗುವ ಮುಂಚೆ ಒಂದು ಫಿಟ್‌ನೆಸ್ ಪರೀಕ್ಷೆ ಇತ್ತು. ಪಾಸಾದರೆ ಅವಳು ತಂಡದ ಪಟ್ಟಿಯ ಹದಿನೈದರಲ್ಲಿ ಒಬ್ಬಳು ಅಂತ ಹೆಡ್ ಕೋಚ್ ಬಾಯಿಬಿಟ್ಟು ಹೇಳಿದ್ದರು. ಅವಳಿಗೆ ಅದಕ್ಕಿಂತ ದೊಡ್ಡದು ಪ್ರಪಂಚದಲ್ಲಿ ಎಂತದೂ ಇರಲಿಲ್ಲ. ನನಗೂ ಇರಲಿಲ್ಲ ಅಂತ ನಾನು ತಿಳಿದುಕೊಂಡಿದ್ದೆ.

ಪರೀಕ್ಷೆಗೆ ಐದು ವಾರ ಇರುವಾಗ ಹಬ್ಬಕ್ಕೆ ಅವಳಿಗೆ ಒಂದು ವಾರ ರಜೆ ಸಿಕ್ಕಿತು. ದಿನ ಬಿಟ್ಟು ದಿನ ಇಪ್ಪತ್ನಾಲ್ಕು ಬಾಲ್, ಅರ್ಧ ವೇಗ, ತಮ್ಮನ ಕೈಯಲ್ಲಿ ವಿಡಿಯೋ ಮಾಡಿಸಿ ನನಗೆ ಕಳಿಸಬೇಕು. ಒಟ್ಟು ಎಪ್ಪತ್ತೆರಡು. ಅದೇ ವಾರ ನಾನೂ ಕೊಪ್ಪಕ್ಕೆ ಹೋಗಿದ್ದೆ. ಹೋದ ಮಾರನೇ ದಿನವೇ ನಮ್ಮೂರ ಕ್ರಿಕೆಟ್ ಟೂರ್ನಮೆಂಟ್ ಕಮಿಟಿಯವರಿಂದ ಫೋನು. ಭಾನುವಾರ ಫೈನಲ್ಲು, ನಮ್ಮ ಕಡೆಯ ಇಬ್ಬರು ಹೆಣ್ಣುಮಕ್ಕಳು ಲೀಗಿನಲ್ಲಿದ್ದಾರೆ, ಇಬ್ಬರಿಗೂ ಒಟ್ಟಿಗೆ ಸನ್ಮಾನ, ಬರಲೇಬೇಕು.

"ಬರ್ತೇವೆ. ಅವಳು ಮಾತ್ರ ಬೌಲಿಂಗ್ ಮಾಡೋದಿಲ್ಲ, ಈಗಲೇ ಹೇಳಿದೆ" ಅಂದೆ.

"ಅಯ್ಯೋ, ಅಷ್ಟೆಲ್ಲ ಎಂತಕ್ಕೆ ಮಾರಾಯ್ರೆ. ಶಾಸ್ತ್ರಕ್ಕೆ ಒಂದೇ ಬಾಲ್. ಅಧ್ಯಕ್ಷರಿಗೆ."

ನಮ್ಮ ಕಡೆ ಈ ಶಾಸ್ತ್ರ ಎಲ್ಲ ಟೂರ್ನಮೆಂಟಿನಲ್ಲೂ ಉಂಟು. ಶಾಲು, ಪೇಟ, ಹಣ್ಣಿನ ಬುಟ್ಟಿ ಆದಮೇಲೆ ಅತಿಥಿ ಒಂದು ಬಾಲ್ ಹಾಕುವುದು, ಕಮಿಟಿಯ ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿ ಬ್ಯಾಟು ಬೀಸುವುದು, ತಾಗಿದರೂ ತಾಗದಿದ್ದರೂ ಚಪ್ಪಾಳೆ. ಒಂದೇ ತಾನೆ, ಅಂಡರ್ ಆರ್ಮ್ ಹಾಕಿದರೂ ಆದೀತು ಅಂತ ಒಪ್ಪಿದೆ.

ಆ ಬೆಳಿಗ್ಗೆ ಮೈದಾನದಲ್ಲಿ ಜನವೋ ಜನ. ಶೃಂಗೇರಿಯ ಟೀಮು, ಅಡ್ಡಗದ್ದೆ ಮೆಣಸೆ ಕಡೆಯ ಹುಡುಗರು, ಐಸ್‌ಕ್ಯಾಂಡಿಯವನು, ಚುರುಮುರಿಯವನು, ಮೈಕಿನಲ್ಲಿ ಕಾಮೆಂಟ್ರಿಯವನ ಬಾಯಿಗೆ ಬೀಗವೇ ಇಲ್ಲ. ಅವಳು ಟ್ರ್ಯಾಕ್ ಸೂಟಿನಲ್ಲಿ ಬಂದಿದ್ದಳು, ತಲೆಗೆ ಸ್ಕಾರ್ಫು. ಇಬ್ಬರಿಗೂ ಶಾಲು ಹೊದಿಸಿದರು. ಪೇಟ ನನ್ನ ತಲೆಗೆ ದೊಡ್ಡದಾಗಿ ಕಣ್ಣಿನ ಮೇಲೆ ಬಂತು, ಅವಳು ಮೆಲ್ಲಗೆ ಸರಿ ಮಾಡಿದಳು. ವೇದಿಕೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ನಮ್ಮ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ರಿಟೈರಾಗಿ ವರ್ಷಗಳಾಗಿವೆ, ಗತ್ತು ರಿಟೈರಾಗಿಲ್ಲ.

ಈ ಮೇಷ್ಟ್ರ ವಿಷಯ ಹೇಳಲೇಬೇಕು. ಎಂಟನೇ ಕ್ಲಾಸಿನಲ್ಲಿ ನಾನು ಅವರ ಹತ್ತಿರ ಹೋಗಿ, ನನಗೂ ಲೆದರ್ ಬಾಲ್ ಕೊಡಿ ಸರ್, ಬೌಲಿಂಗ್ ಮಾಡ್ತೇನೆ ಅಂದಿದ್ದೆ. ಅವರು ಇಡೀ ಸಾಲನ್ನು ನಿಲ್ಲಿಸಿ, "ನೋಡ್ರೋ, ಇವಳಿಗೆ ಲೆದರ್ ಬಾಲ್ ಬೇಕಂತೆ! ಹೋಗಮ್ಮ, ಥ್ರೋಬಾಲ್ ಉಂಟಲ್ಲ ನಿಮಗೆ" ಅಂದಿದ್ದರು. ಹುಡುಗರು ಹೈಸ್ಕೂಲು ಮುಗಿಯುವವರೆಗೂ ನನ್ನನ್ನು ಲೆದರ್ ಬಾಲ್ ಅಂತಲೇ ಕರೆದರು. ನಾನು ಬೌಲರ್ ಆಗಲಿಲ್ಲ. ಬೌಲರುಗಳನ್ನು ಗಟ್ಟಿ ಮಾಡುವ ಕೆಲಸಕ್ಕೆ ಸೇರಿದೆ. ಇದನ್ನೆಲ್ಲ ನಾನು ಮರೆತಿದ್ದೇನೆ ಅಂತಲೇ ಅಂದುಕೊಂಡಿದ್ದೆ.

ಶಾಸ್ತ್ರದ ಬಾಲ್ ಆಯಿತು. ಅವಳು ಎರಡು ಹೆಜ್ಜೆ ನಡೆದು ಮೆತ್ತಗೆ ಹಾಕಿದಳು. ಅಧ್ಯಕ್ಷರು ಬೀಸಿದ ಬ್ಯಾಟು ಗಾಳಿಗೆ ಹೋಯಿತು, ಅವರೂ ಅದರ ಜೊತೆ ಒಂದು ಸುತ್ತು ತಿರುಗಿದರು. ಎಲ್ಲರೂ ನಕ್ಕರು. ಅಲ್ಲಿಗೆ ಮುಗಿಯಬೇಕಿತ್ತು. ಆಗ ಮೇಷ್ಟ್ರು ಕಾಮೆಂಟ್ರಿಯವನ ಕೈಯಿಂದ ಮೈಕು ತೆಗೆದುಕೊಂಡರು.

"ಇದೆಂತ ಮಾರಾಯ್ರೆ, ಇದನ್ನ ನಮ್ಮ ಎರಡನೇ ಕ್ಲಾಸಿನ ಮಕ್ಕಳೂ ಹಾಕ್ತವೆ! ಲೀಗು ಲೀಗು ಅಂತ ಪೇಪರಿನಲ್ಲಿ ಬರೋದು ಇದಕ್ಕೇನಾ? ನಮ್ಮ ಶೃಂಗೇರಿ ಕ್ಯಾಪ್ಟನ್ನಿಗೆ ಒಂದು ಓವರ್ ಹಾಕ್ಲಿ, ಕಾಣುವ."

ಮೈದಾನ ಪೂರ್ತಿ ಹೋ ಅಂದಿತು. ನನ್ನ ಕಿವಿ ಬಿಸಿಯಾಯಿತು. ಅವಳು ಪಿಚ್ಚಿನ ಹತ್ತಿರ ನಿಂತು ನನ್ನನ್ನೇ ನೋಡಿದಳು. ಅವಳು ಎಂತ ಕೇಳುತ್ತಿದ್ದಾಳೆ ಅಂತ ನನಗೆ ಅಷ್ಟು ದೂರದಿಂದಲೂ ತಿಳಿಯಿತು. ಬೇಡ ಅಂತ ಒಂದು ಸಲ ತಲೆ ಅಲ್ಲಾಡಿಸಿದ್ದರೆ ಅವಳು ಬಾಲ್ ಕೆಳಗಿಟ್ಟು ಬರುತ್ತಿದ್ದಳು. ನಾನು ವೇದಿಕೆಯಲ್ಲಿ ಎದ್ದು ನಿಂತು ಕೂಗಿದೆ. "ಹಾಕು! ಜೋರಾಗಿ ಹಾಕು!"

ಅವಳು ಟ್ರ್ಯಾಕ್ ಸೂಟಿನ ಕೋಟು ಬಿಚ್ಚಿದಳು. ಹೆಜ್ಜೆ ಅಳೆದುಕೊಂಡು ಹಿಂದೆ ಹೋದಳು. ಶೃಂಗೇರಿ ಕ್ಯಾಪ್ಟನ್ ಹೆಲ್ಮೆಟ್ ಬೇಡ ಅಂದ. ಮೊದಲ ಬಾಲ್ ಅವನಿಗೆ ಕಾಣಲಿಲ್ಲ. ಎರಡನೆಯದಕ್ಕೆ ಹೆಲ್ಮೆಟ್ ತರಿಸಿಕೊಂಡ. ನಾಲ್ಕನೆಯದಕ್ಕೆ ಮಧ್ಯದ ಗೂಟ ಹಾರಿ ಕೀಪರನ ಕಾಲ ಹತ್ತಿರ ಬಿತ್ತು. ಕಾಮೆಂಟ್ರಿಯವನು "ಗೂಟ ಹುಡುಕಿ ಕೊಡಿ ಮಾರಾಯ್ರೆ!" ಅಂತ ಕಿರುಚಿದ, ಸಿರಿಮನೆ ಕಡೆಯಿಂದ ಬಂದಿದ್ದ ಹೆಂಗಸರ ಗುಂಪು ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೇಷ್ಟ್ರು ನನ್ನ ಕಡೆ ತಿರುಗಿ, "ಲಕ್ಕು" ಅಂದರು.

ಲಕ್ಕಂತೆ! ನಾನು ಪೇಟ ಕುರ್ಚಿಯ ಮೇಲಿಟ್ಟು ಗೆರೆಯವರೆಗೆ ಹೋದೆ. "ಇನ್ನೊಂದು ಓವರ್ ಹಾಕ್ತೀಯಾ?" ಅಂತ ಕೇಳಿದೆ. ಕೇಳಿದ್ದು ಅನ್ನುವುದೂ ಸುಳ್ಳು. ಅಕ್ಕ ಹಾಗೆ ಕೇಳಿದರೆ ಆ ಹುಡುಗಿ ಇಲ್ಲ ಅನ್ನುತ್ತಾಳಾ? ಅಡ್ಡಗದ್ದೆಯವನೊಬ್ಬ ಬಂದ, ಮೆಣಸೆಯವನೊಬ್ಬ ಬಂದ, ಯಾರ್ಯಾರೋ ಬಂದರು. ಪೂರ್ತಿ ರನ್ ಅಪ್, ಪೂರ್ತಿ ವೇಗ, ಕೆಳಗೆ ಕಲ್ಲಿನ ಹಾಗಿರುವ ನೆಲಕ್ಕೆ ಹಾಸಿದ ಮ್ಯಾಟು. ಮೂವತ್ತೊಂದು ಬಾಲ್. ಕೊನೆಗೆ ಮೇಷ್ಟ್ರು ತಾವೇ ಎದ್ದು ಚಪ್ಪಾಳೆ ತಟ್ಟಿದರು. ಸುಳ್ಳು ಎಂತಕ್ಕೆ ಹೇಳಲಿ, ಅಷ್ಟು ಖುಷಿ ನನಗೆ ನನ್ನ ಮದುವೆ ದಿನವೂ ಆಗಿರಲಿಲ್ಲ.

ಮಧ್ಯಾಹ್ನ ಅವಳನ್ನು ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟೆ. ಇಳಿಯುವಾಗ ಅವಳ ಎಡಗೈ ಸೊಂಟಕ್ಕೆ ಹೋಯಿತು.

"ನೋಯ್ತದಾ?"

"ಇಲ್ಲ ಅಕ್ಕ, ಬಿಗಿಯಾಗಿದೆ ಅಷ್ಟೆ. ನೆಲ ಗಟ್ಟಿ ಅಲ್ವಾ" ಅಂದಳು. ಐಸ್ ಇಡು ಅಂದೆ. ಬಸ್ಸು ಬಂತು, ಹತ್ತಿ ಹೋದಳು.

ಕ್ಯಾಂಪಿಗೆ ಮರಳಿದ ದಿನ ಬಾಲ್ ಲೆಕ್ಕದ ಶೀಟು ತುಂಬಬೇಕು. ಬೌಲರ್ ತನ್ನ ಫೋನಿನಲ್ಲಿ ತುಂಬುತ್ತಾಳೆ, ನಾನು ನನ್ನ ಲ್ಯಾಪ್‌ಟಾಪಿನಲ್ಲಿ ತುಂಬುತ್ತೇನೆ, ಎರಡೂ ತಾಳೆಯಾಗಬೇಕು. ರಜೆಯ ವಾರ ಅಂತ ಇದ್ದ ಜಾಗದಲ್ಲಿ ನಾನು ಎಪ್ಪತ್ತೆರಡು ಅಂತ ಹಾಕಿದೆ. ಅವಳು ನನ್ನ ಹಿಂದೆ ನಿಂತು ನೋಡುತ್ತಿದ್ದಳು.

"ನಾನೂ ಅಷ್ಟೇ ಹಾಕ್ಲಾ ಅಕ್ಕ?"

"ಹಾಕು" ಅಂದೆ. ಹಿಂದೆ ತಿರುಗಿ ಅವಳ ಮುಖ ನೋಡಲಿಲ್ಲ.

ಆ ಮೂವತ್ತೊಂದನ್ನು ನಾನು ಆವತ್ತು ಬರೆದಿದ್ದರೆ ತಂಡದ ಫಿಸಿಯೋ ಆ ಕ್ಷಣವೇ ಬೌಲಿಂಗ್ ನಿಲ್ಲಿಸುತ್ತಿದ್ದಳು. ನಾಲ್ಕು ದಿನ ನನಗೆ ಬೈಗುಳ ಸಿಗುತ್ತಿತ್ತು, ಅಷ್ಟೇ. ಬರೆಯದೆ ಇದ್ದದ್ದರಿಂದ ಅವಳು ಶೀಟಿನ ಪ್ರಕಾರ ಮುಂದಿನ ಹಂತಕ್ಕೆ ಹೋದಳು, ಇನ್ನೂ ವೇಗವಾಗಿ, ಇನ್ನೂ ಹೆಚ್ಚು ಬಾಲ್. ಎರಡು ವಾರಕ್ಕೆ, ವಾರ್ಮ್ ಅಪ್ ಮಾಡುವಾಗಲೇ ನಿಂತುಬಿಟ್ಟಳು. ಫಿಸಿಯೋ ಅವಳನ್ನು ಎಡಗಾಲ ಮೇಲೆ ನಿಲ್ಲಿಸಿ ಹಿಂದಕ್ಕೆ ಬಾಗು ಅಂದಾಗ ಅವಳ ಬಾಯಿಂದ ಬಂದ ಸದ್ದು ನನಗೆ ಈಗಲೂ ಅನ್ನದ ಮುಂದೆ ಕೂತಾಗ ಕೇಳುತ್ತದೆ. ಸ್ಕ್ಯಾನಿನಲ್ಲಿ ಈ ಸಲ ಬಿರುಕು ಸ್ಪಷ್ಟವಾಗಿ ಕಂಡಿತು.

ಮೀಟಿಂಗ್ ಕರೆದರು. ಹೆಡ್ ಕೋಚ್, ಮ್ಯಾನೇಜರ್, ಫಿಸಿಯೋ, ನಾನು, ಅವಳು. ಶೀಟನ್ನು ಪರದೆಯ ಮೇಲೆ ಹಾಕಿದರು. ಎಲ್ಲ ಲೆಕ್ಕದ ಪ್ರಕಾರವೇ ಇದೆ, ಹಾಗಾದರೆ ಮೂಳೆ ಹೇಗೆ ಒಡೆಯಿತು ಅಂತ ಹೆಡ್ ಕೋಚ್ ಕೇಳಿದರು. ಪ್ರಶ್ನೆ ಕೇಳಿದ್ದು ನನಗೆ. ಜಿಮ್ಮಿನಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ. ಆವತ್ತು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತೆ.

"ಊರಲ್ಲಿ ಹಾಕಿದೆ ಸರ್" ಅಂದಳು ಅವಳು. "ಮ್ಯಾಚಿನಲ್ಲಿ. ಪೂರ್ತಿ ವೇಗದಲ್ಲಿ. ಮೇಡಂಗೆ ಗೊತ್ತಿಲ್ಲ. ಹೇಳಿರಲಿಲ್ಲ ನಾನು."

ಎಲ್ಲರೂ ಅವಳ ಕಡೆ ತಿರುಗಿದರು. ನಾನೂ ತಿರುಗಿದೆ, ನನಗೂ ಈಗಲೇ ತಿಳಿಯಿತು ಅನ್ನುವ ಹಾಗೆ. ಥೂ, ಆ ತಿರುಗಿದ್ದನ್ನು ನೆನೆದರೆ ನನಗೆ ನನ್ನ ಮುಖಕ್ಕೆ ಉಗಿಯಬೇಕು ಅನ್ನಿಸುತ್ತದೆ.

ಹೊರಗೆ ಕಾರಿಡಾರಿನಲ್ಲಿ ಅವಳ ಕೈ ಹಿಡಿದುಕೊಂಡೆ. ಎಂತಕ್ಕೆ ಹಾಗೆ ಹೇಳಿದೆ ಅಂತ ಕೇಳಿದೆ. "ನಿಮ್ಮನ್ನ ತೆಗೆದುಬಿಟ್ರೆ ನನ್ನ ಬೆನ್ನು ಯಾರು ನೋಡ್ತಾರೆ ಅಕ್ಕ? ನನಗಾದ್ರೆ ಬೈದು ಬಿಡ್ತಾರೆ" ಅಂದಳು. ಬೈದು ಬಿಡುತ್ತಾರೆ ಅಂತಲೇ ನಂಬಿದ್ದಳು ಪಾಪ. ನಾನೂ ಹಾಗೇ ನಂಬುವುದು ಅನುಕೂಲ ಅಂತ ನಂಬಿದೆ. ಎರಡು ದಿನ ಬಿಟ್ಟು ತೀರ್ಮಾನ ಬಂತು. ಆಟದಲ್ಲಿ ಗಾಯ ಆದರೆ ತಂಡ ವರ್ಷ ಪೂರ್ತಿ ಇಟ್ಟುಕೊಂಡು ವಾಸಿ ಮಾಡಿಸುತ್ತದೆ, ಆದರೆ ಮುಚ್ಚಿಟ್ಟವಳನ್ನು ನಂಬಲು ಆಗುವುದಿಲ್ಲ. ಅವಳನ್ನು ಬಿಟ್ಟರು. ಊರಿಗೆ ಹೋಗುವಾಗ ತನ್ನ ಬ್ಯಾಗನ್ನು ಅವಳಿಗೆ ಎತ್ತಲು ಆಗಲಿಲ್ಲ, ನಾನು ಎತ್ತಿ ಬಸ್ಸಿಗಿಟ್ಟೆ. ಆಗಲೂ ಹೇಳಲಿಲ್ಲ.

ಹನ್ನೆರಡು ದಿನ ಹೇಳಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ. ಊಟ ಸೇರಲಿಲ್ಲ, ಯಾರು ಎಂತ ಹೇಳಿದರೂ ಸಿಡುಕಿದೆ, ಒಬ್ಬ ಆಟಗಾರ್ತಿ ಶೀಟಿನಲ್ಲಿ ಒಂದು ದಿನ ತುಂಬಿಲ್ಲ ಅಂತ ಅವಳನ್ನು ಮೈದಾನದ ನಡುವೆ ನಿಲ್ಲಿಸಿ ಬೈದೆ. ಅವಳು ಅತ್ತಳು. ಅವತ್ತು ರೂಮಿಗೆ ಬಂದು ಮ್ಯಾನೇಜರಿಗೆ ಮೇಲ್ ಬರೆದೆ. ಕೊಪ್ಪದಲ್ಲಿ ಅವಳು ಬೌಲಿಂಗ್ ಮಾಡಿದಾಗ ನಾನು ಅಲ್ಲೇ ಇದ್ದೆ, ಶೀಟಿನಲ್ಲಿ ತಪ್ಪು ಲೆಕ್ಕ ಕೊಟ್ಟದ್ದೂ ನಾನೇ ಅಂತ. ಮರುದಿನವೇ ಉತ್ತರ ಬಂತು. ನನ್ನನ್ನು ಕೆಲಸದಿಂದ ಬಿಡಿಸಿದ್ದರು. ಅವಳ ಜಾಗಕ್ಕೆ ವಾರದ ಹಿಂದೆಯೇ ಬೇರೆ ಬೌಲರನ್ನು ತೆಗೆದುಕೊಂಡಾಗಿತ್ತು, ಪಟ್ಟಿ ಮುಚ್ಚಿತ್ತು. ನಾನು ಬರೆದ ಮೇಲ್‌ನ ಒಂದು ಪ್ರತಿಯನ್ನು ಅವಳಿಗೂ ಕಳಿಸಿದ್ದೇವೆ ಅಂತ ಕೊನೆಯಲ್ಲಿತ್ತು.

ಊರಿಗೆ ಬಂದ ಮೇಲೆ ನರಸಿಂಹರಾಜಪುರಕ್ಕೆ ಹೋದೆ. ಅಂಗಡಿಯಲ್ಲಿ ಅವಳ ಅಬ್ಬಾ ಶಾಲೆ ಮಗುವೊಂದಕ್ಕೆ ರೈನ್‌ಕೋಟು ಹಾಕಿ ತೋರಿಸುತ್ತಿದ್ದರು. ನನ್ನನ್ನು ನೋಡಿ ಗಡಿಬಿಡಿಯಿಂದ ಸ್ಟೂಲು ಒರೆಸಿದರು. "ಬನ್ನಿ ಮೇಡಂ, ಬನ್ನಿ. ಅವಳು ತಪ್ಪು ಮಾಡಿದ್ರೂ ನೀವು ಬಂದ್ರಲ್ಲ. ಎಷ್ಟು ಹೇಳಿದ್ದೆ, ಮೇಡಂ ಹೇಳಿದಷ್ಟೇ ಮಾಡು ಅಂತ."

ಮನೆಯಲ್ಲೂ ಅವಳು ಅದೇ ಸುಳ್ಳು ಹೇಳಿದ್ದಳು. ನಾನು ಸ್ಟೂಲಿನ ಮೇಲೆ ಕೂರದೆ ನಿಂತೇ ಎಲ್ಲ ಹೇಳಿದೆ. ಮೈಕು, ಮೇಷ್ಟ್ರು, ಮೂವತ್ತೊಂದು ಬಾಲ್, ಶೀಟು, ಮೀಟಿಂಗು. ಅವರು ಆ ಮಗುವಿನ ರೈನ್‌ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು, ಮಡಚಿದರು, ಚೀಲಕ್ಕೆ ಹಾಕಿ ಮಗುವಿನ ಅಮ್ಮನ ಕೈಗೆ ಕೊಟ್ಟರು. ಅವರು ಹೋದ ಮೇಲೆ, "ಅವಳು ಬಂದಾಗಿಂದ ನಾನು ಅವಳ ಹತ್ತಿರ ಮಾತಾಡಿಲ್ಲ ಮೇಡಂ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಅಂಗಡಿಯ ಹಿಂದೆಯೇ ಮನೆ. ಪರದೆ ಸರಿಸಿ ಅವಳೇ ಬಂದಳು. ಎದೆಯಿಂದ ಸೊಂಟದವರೆಗೆ ಬೆಲ್ಟು ಕಟ್ಟಿದ್ದರು. ಗೋಡೆ ಹಿಡಿದುಕೊಂಡು ನಿಂತಳು. ಕೈಯಲ್ಲಿ ಫೋನು.

"ನಿಮ್ಮ ಮೇಲ್ ಬಂತು" ಅಂದಳು. "ಇದರಲ್ಲಿ, ಊರಿನ ಕಾರ್ಯಕ್ರಮದ ಗಡಿಬಿಡಿಯಲ್ಲಿ ಬೆನ್ನಿನ ವಿಷಯ ಗಮನದಿಂದ ತಪ್ಪಿಹೋಯಿತು ಅಂತ ಬರ್ದಿದ್ದೀರಿ."

"ಹೌದು."

"ಆವತ್ತು ಜೋರಾಗಿ ಹಾಕು ಅಂತ ಕೂಗಿದಾಗ ನನ್ನ ಬೆನ್ನು ನಿಮಗೆ ನೆನಪಿರಲಿಲ್ವಾ?"

ಅವಳ ಅಬ್ಬಾ ಬೀದಿಯ ಕಡೆ ಮುಖ ಮಾಡಿ ನಿಂತಿದ್ದರು. ಒಂದು ಸಣ್ಣ ಮಾತು ಸಾಕಿತ್ತು. ಗಡಿಬಿಡಿಯಲ್ಲಿ ಮರೆತುಹೋಯಿತು ಮಾರಾಯ್ತಿ ಅಂದರೆ ಅವಳು ನಂಬುತ್ತಿದ್ದಳೋ ಇಲ್ಲವೋ, ಬಿಡುತ್ತಿದ್ದಳು.

"ನೆನಪಿತ್ತು" ಅಂದೆ. "ಪ್ರತಿ ಬಾಲಿಗೂ ನೆನಪಿತ್ತು. ಎಣಿಸ್ತಾ ಇದ್ದೆ."

ಅವಳು ಅಳಲಿಲ್ಲ. ಅವಳ ಕೆಳತುಟಿ ಮಾತ್ರ ಬಿಳಿಚಿಕೊಂಡಿತು. "ಹಾಗಾದ್ರೆ ಹಾಗೇ ಬರೀರಿ. ಅವ್ರಿಗೂ ಬರೀರಿ, ನನಗೂ ಬರೀರಿ. ಮರೆತೆ ಅಂತ ಬರೀಬೇಡಿ."

ಈಗ ಸ್ಟೂಲಿನ ಮೇಲೆ ಕೂತೆ. ಕೊಡೆಗಳ ಕೆಳಗೆ, ನನ್ನ ಫೋನಿನಲ್ಲಿ, ಕನ್ನಡದಲ್ಲೇ ಬರೆದೆ. ಅವಳು ಗೋಡೆ ಬಿಡದೆ ನನ್ನ ಹೆಗಲ ಮೇಲಿಂದ ಓದಿದಳು. ಒಂದು ಕಡೆ ನಿಲ್ಲಿಸಿದಳು. "ಎರಡನೇ ಓವರಿಗೆ ನೀವೇ ಇಳಿದು ಬಂದು ಕೇಳಿದ್ರಿ, ಅದನ್ನೂ ಬರೀರಿ" ಅಂದಳು. ಬರೆದೆ. ಮೇಷ್ಟ್ರ ಎದುರು ಗೆಲ್ಲಬೇಕಿತ್ತು, ಅದಕ್ಕೆ ಅವಳ ಬೆನ್ನನ್ನು ಬಳಸಿಕೊಂಡೆ ಅಂತ ನಾನಾಗಿಯೇ ಸೇರಿಸಿದೆ. ಅವಳು ಅದನ್ನು ಎರಡು ಸಲ ಓದಿದಳು. "ಕಳಿಸಿ" ಅಂದಳು. ಕಳಿಸಿದೆ.

ಮುಂದಿನ ವಾರದಿಂದ ಮಾಡಬೇಕಾದ ವ್ಯಾಯಾಮಗಳನ್ನು ಒಂದು ಹಾಳೆಯಲ್ಲಿ ಬರೆದು ತಂದಿದ್ದೆ. ಚೀಲದಿಂದ ತೆಗೆದು ಚಾಚಿದೆ. ಅವಳು ಅದರ ಮೇಲೆ ಕಣ್ಣಾಡಿಸಿದಳು, ತೆಗೆದುಕೊಳ್ಳಲಿಲ್ಲ.

"ಬೆನ್ನು ನೋಡೋಕೆ ಶಿವಮೊಗ್ಗದಲ್ಲಿ ಒಬ್ಬರು ಸಿಕ್ಕಿದ್ದಾರೆ" ಅಂದಳು. "ಈಗ ಹೋಗಿ ಅಕ್ಕ. ನಂಗೆ ಹೆಚ್ಚು ಹೊತ್ತು ನಿಲ್ಲೋಕೆ ಆಗಲ್ಲ."